ಹಿಂದಕ್ಕೆ ಬಾರದ ಕಾರು

ಗುಡಗೇರಿಯ ಕಾಳಿನ ಅಂಗಡಿಯ ಗುಮಾಸ್ತ ಲಕ್ಷ್ಮಣಪ್ಪ ಕಾರು ಕೊಂಡ ದಿನವೇ ಓಣಿಯ ನಡುವೆ ನಿಂತು ಪ್ರತಿಜ್ಞೆ ಮಾಡಿದ. ಇನ್ನು ಮುಂದೆ ರಸ್ತೆಯ ಮೇಲೆ ತಾನು ಯಾರಿಗೂ ಬಾಜು ಸರಿಯುವುದಿಲ್ಲ! ಸರಿಯುವವರು ಸರಿಯಲಿ, ಸರಿಯದವರು ಅವರವರ ಮನೆದೇವರನ್ನು ನೆನೆಯಲಿ!

ಕಾರೇನೂ ಹೊಸದಲ್ಲ. ಹುಬ್ಬಳ್ಳಿಯ ಯಾರೋ ಡಾಕ್ಟರು ಓಡಿಸಿ, ಅವರ ಅಳಿಯ ಓಡಿಸಿ, ಅಳಿಯನ ತಮ್ಮ ಅದರಲ್ಲೇ ಕಲಿತು, ಕೊನೆಗೆ ಉಳಿದದ್ದು ಲಕ್ಷ್ಮಣಪ್ಪನ ಪಾಲಿಗೆ ಬಂದಿತ್ತು. ಹಾರ್ನ್ ಮಾತ್ರ ಹೊಸದು. ಅವನು ಮುದ್ದಾಂ ಹಾಕಿಸಿದ್ದು. ಅದನ್ನು ಒಮ್ಮೆ ಒತ್ತಿದರೆ ಮೆಲುಕು ಹಾಕುತ್ತ ಮಲಗಿದ ಎಮ್ಮೆ ಎದ್ದು ನಿಲ್ಲುತ್ತಿತ್ತು.

ಹೋದ ದೀಪಾವಳಿಯವರೆಗೆ ಅವನೂ ಸೈಕಲ್ ಮನುಷ್ಯನೇ. ಅಂಗಡಿಗೂ ಸೈಕಲ್, ಹೊಲಕ್ಕೂ ಸೈಕಲ್. ಕಾರಿನವರು ಮೈಮೇಲೆ ಧೂಳೆಬ್ಬಿಸಿ ಹೋದಾಗ ಅವನ ಬಾಯಿಂದ ಬರುತ್ತಿದ್ದ ಮಾತು ಬರೆಯುವಂಥದ್ದಲ್ಲ. ಸ್ಟೇರಿಂಗ್ ಕೈಗೆ ಬಂದದ್ದೇ ತಡ, ಬೈಗುಳ ಅವೇ ಉಳಿದು ಬೈಸಿಕೊಳ್ಳುವವರು ಬದಲಾದರು. ಸಣ್ಣದು ದೊಡ್ಡದಕ್ಕೆ ದಾರಿ ಬಿಡಬೇಕು ಎಂಬುದು ಅವನ ಹೊಸ ಶಾಸ್ತ್ರ. ಆ ಶಾಸ್ತ್ರವನ್ನು ಅಂಗಡಿಗೆ ಬಂದ ರೈತರಿಗೆಲ್ಲ ಕಾಳು ತೂಗುತ್ತಲೇ ಉಪದೇಶಿಸುತ್ತಿದ್ದ.

ಇಷ್ಟೆಲ್ಲ ಗತ್ತಿನ ಒಳಗೊಂದು ಗುಟ್ಟಿತ್ತು. ಅದು ಹೆಂಡತಿ ಬಸವಣ್ಣೆವ್ವನಿಗೆ ಮಾತ್ರ ಗೊತ್ತು. ಲಕ್ಷ್ಮಣಪ್ಪನಿಗೆ ಕಾರನ್ನು ಹಿಂದಕ್ಕೆ ಹೊಡೆಯಲು ಬರುತ್ತಿರಲಿಲ್ಲ! ಅವನು ಕಾರು ಕಲಿತದ್ದು ಸ್ವಂತ ಹೊಲದಲ್ಲಿ, ಬೆಳೆ ತೆಗೆದ ಮೇಲೆ. ಎರೆಹೊಲ ಬಟಾಬಯಲು. ತಿರುಗಬೇಕೆಂದರೆ ಅರ್ಧ ಹೊಲ ಸುತ್ತಿ ಬಂದರಾಯಿತು, ಹಿಂದೆ ಸರಿಯುವ ಪ್ರಸಂಗವೇ ಬರುವುದಿಲ್ಲ. ಒಂದೇ ಒಂದು ಸಲ ರಿವರ್ಸ್ ಹಾಕಿ ನೋಡಿದ್ದ, ಕಾರು ನೆಟ್ಟಗೆ ಪಕ್ಕದ ಹೊಲದವರ ಬಣವೆ ಹೊಕ್ಕಿತು. ಅಂದಿನಿಂದ ಆ ಗೇರಿನ ತಂಟೆಗೇ ಹೋಗಿರಲಿಲ್ಲ. ಮನೆಯ ಮುಂದೆ ಕಾರು ತಿರುಗಿಸಬೇಕಾದಾಗ ಬಸವಣ್ಣೆವ್ವ ಸೆರಗು ಸಿಕ್ಕಿಸಿ ಬಾನೆಟ್ಟಿಗೆ ಕೈಕೊಟ್ಟು ನೂಕುತ್ತಿದ್ದಳು. ಇದರಿಂದ ಎಣ್ಣೆ ಉಳಿಯುತ್ತದೆ ಎಂದು ಅವನು ಓಣಿಯವರಿಗೆ ತಿಳಿಹೇಳಿದ್ದ.

ಹೀಗಿರುವಾಗ ಮಗಳು ಮಲ್ಲಿಕಾಳ ಕುಬಸ ಗೊತ್ತಾಯಿತು. ಅವಳನ್ನು ಕುಬಿಹಾಳಕ್ಕೆ ಕೊಟ್ಟಿದ್ದರು. ಚೊಚ್ಚಲ ಬಸುರಿ, ಏಳು ತಿಂಗಳ ಸೀಮಂತ. ತವರಿನಿಂದ ಹಸಿರು ಸೀರೆ ಮತ್ತು ಬುತ್ತಿ ಹೋಗಬೇಕು, ಹನ್ನೆರಡು ಹೊಡೆಯುವುದರೊಳಗೆ ಉಡಿ ತುಂಬಬೇಕು. ಬುತ್ತಿ ಬಾರದೆ ಅವಳನ್ನು ಮಣೆಯ ಮೇಲೆ ಕೂಡಿಸುವಂತಿಲ್ಲ. ಮದುವೆಗೆ ಇವರೆಲ್ಲ ಟ್ರ್ಯಾಕ್ಟರಿನಲ್ಲಿ ಹೋದಾಗ ಬೀಗರ ಕಡೆಯ ಹೆಂಗಸೊಬ್ಬಳು, ಬೀಜದ ಚೀಲದ ಜೋಡಿ ಬೀಗರನ್ನೂ ಹೇರಿಕೊಂಡು ಬಂದಿದ್ದಾರೆ ಎಂದು ಎಲ್ಲರೆದುರು ನಕ್ಕಿದ್ದಳು. ಮಲ್ಲಿಕಾ ಕಣ್ಣೀರು ಹಾಕಿದ್ದಳು. ಲಕ್ಷ್ಮಣಪ್ಪನಿಗೆ ಆ ಕಣ್ಣೀರು ಇನ್ನೂ ಎದೆಯಲ್ಲಿ ಚುಚ್ಚುತ್ತಿತ್ತು. ನಿಜ ಹೇಳಬೇಕೆಂದರೆ ಅವನು ಕಾರು ಕೊಂಡದ್ದೇ ಅದಕ್ಕೆ. ಮಗಳ ಬುತ್ತಿ ಕಾರಿನಲ್ಲಿ ಹೋಗಿ ಬೀಗರ ಬಾಗಿಲಲ್ಲಿ ಇಳಿಯಬೇಕು!

ಬಾಜು ಮನೆಯ ಜಹೀರ್ ಲಾರಿ ಓಡಿಸುವ ಹುಡುಗ, ಅವನನ್ನು ಕರೆದುಕೊಂಡು ಹೋಗೋಣ ಎಂದು ಬಸವಣ್ಣೆವ್ವ ಮೆತ್ತಗೆ ಹೇಳಿ ನೋಡಿದಳು.

"ಮಾಲಕ ಹಿಂದಿನ ಸೀಟಿನ್ಯಾಗ ಕುಂಡ್ರೂದು ಚಂದ ಏನ?" ಎಂದ ಲಕ್ಷ್ಮಣಪ್ಪ. "ಮುಂದ ಹೋಗಾಕ ಬರ್ತೈತಿ, ಕುಬಿಹಾಳ ಮುಂದ ಐತಿ. ಮುಗೀತು."

ಬಿಳಿ ಬಟ್ಟೆಯಲ್ಲಿ ಕಟ್ಟಿದ ಬುತ್ತಿಯ ಬುಟ್ಟಿ ಹಿಂದಿನ ಸೀಟಿನಲ್ಲಿ ಕುಳಿತಿತು. ಸಜ್ಜಿರೊಟ್ಟಿ, ಮೊಸರನ್ನ, ಶೇಂಗಾ ಹೋಳಿಗೆ, ಎಣ್ಣೆಗಾಯಿ. ಲಕ್ಷ್ಮಣಪ್ಪ ಗಂಜಿ ಹಾಕಿದ ಧೋತರ ಉಟ್ಟು ಹೊಸ ರುಮಾಲು ಸುತ್ತಿದ್ದ. ಊರು ದಾಟುತ್ತಲೇ ಶಾಸ್ತ್ರ ಜಾರಿಗೆ ಬಂತು. ಸೈಕಲ್ಲಿಗೆ ಮೇವಿನ ಹೊರೆ ಕಟ್ಟಿಕೊಂಡು ಹೊರಟಿದ್ದ ಮುದುಕನೊಬ್ಬ ಹಾರ್ನಿಗೆ ಬೆಚ್ಚಿ ಹೊರೆಯ ಸಮೇತ ಜಾಲಿಕಂಟಿಗೆ ಒರಗಿದ. ಮುಂದೆ ಅಂಗನವಾಡಿಯ ರೂಬಿನಾ ಟೀಚರ್ ತನ್ನ ಲೇಡೀಸ್ ಸೈಕಲ್ಲಿನಲ್ಲಿ ತನ್ನ ಪಾಡಿಗೆ ಎಡಗಡೆ ಹೋಗುತ್ತಿದ್ದಳು. ಅವಳನ್ನೂ ಧೂಳಿಗೆ ಇಳಿಸಿ, ರಸ್ತೆ ಯಾರಪ್ಪನದು ಎಂದು ಕಿಟಕಿಯಿಂದಲೇ ವಿಚಾರಿಸಿದ. ಬಸವಣ್ಣೆವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಗುರುತು ಸಿಗಬಾರದೆಂದು.

ಅರ್ಧ ದಾರಿಯಲ್ಲಿ ಕಡಲೆ ರಾಶಿ ಎದುರಾಯಿತು. ಸುಗ್ಗಿಯಲ್ಲಿ ಈ ಕಡೆಯ ಡಾಂಬರು ರಸ್ತೆಯೆಲ್ಲ ಕಣವೇ. ಯಾರೋ ಅರ್ಧ ರಸ್ತೆಗೆ ಕಡಲೆ ರಾಶಿ ಹಾಕಿ, ಸುತ್ತ ಗುಂಡುಕಲ್ಲು ಇಟ್ಟು, ತುದಿಗೆ ಊದಿನಕಡ್ಡಿ ಚುಚ್ಚಿದ್ದರು. ರಾಶಿಯನ್ನು ಚಪ್ಪಲಿ ಕಾಲಲ್ಲಿ ಮೆಟ್ಟುವುದೇ ಪಾಪ, ಇನ್ನು ಗಾಲಿ ಹಾಯಿಸುವುದು ದೂರದ ಮಾತು. ಉಳಿದದ್ದು ಒಂದು ಗಾಡಿ ಹಿಡಿಸುವಷ್ಟು ದಾರಿ, ಅದರ ಅಂಚಿಗೆ ಆಳೆತ್ತರದ ತಗ್ಗು. ಆ ದಾರಿಯಲ್ಲಿ ಆಗಲೇ ಮುಕ್ಕಾಲು ಪಾಲು ದಾಟಿ ಎದುರಿಗೆ ಬರುತ್ತಿದ್ದವನು ಬಳೆಗಾರ ಯಾಕೂಬಸಾಬ, ಸೈಕಲ್ಲಿನ ಕ್ಯಾರಿಯರ್ ಮೇಲೆ ಗಾಜಿನ ಬಳೆಯ ಟ್ರಂಕು. ಲಕ್ಷ್ಮಣಪ್ಪ ಹಾರ್ನ್ ಒತ್ತುತ್ತ ಸೀದಾ ಒಳಗೆ ನುಗ್ಗಿಸಿದ.

ಇಬ್ಬರೂ ಮುಖಾಮುಖಿ ನಿಂತರು.

"ಲಕ್ಷ್ಮಣಪ್ನೋರ, ಜರಾ ಹಿಂದ ತಗೋರಿ," ಎಂದ ಯಾಕೂಬಸಾಬ. "ಮೊದಲ ಹೊಕ್ಕಾಂವ ನಾನು. ಈ ತಗ್ಗಿನ್ಯಾಗ ಇಳದರ ನನ್ನ ಬಳಿ ಒಂದೂ ಉಳಿಯೂದಿಲ್ರಿ."

ಹಿಂದ! ಆ ಶಬ್ದ ಕೇಳಿ ಲಕ್ಷ್ಮಣಪ್ಪನಿಗೆ ಪಕ್ಕದ ಹೊಲದವರ ಬಣವೆ ನೆನಪಾಯಿತು. ಹೆದರಿದ ಗಂಡಸಿನ ದನಿ ಯಾವಾಗಲೂ ಒಂದು ಮೆಟ್ಟಿಲು ಮೇಲೆಯೇ ಇರುತ್ತದೆ. ಹಿಂದೆ ಸರಿಯುವುದು ತಮ್ಮ ವಂಶದಲ್ಲೇ ಇಲ್ಲವೆಂದೂ, ಸಣ್ಣದೇ ದೊಡ್ಡದಕ್ಕೆ ದಾರಿ ಬಿಡಬೇಕೆಂದೂ ಕೂಗಿ ಹೇಳಿದ. ಯಾಕೂಬಸಾಬ ಸೈಕಲ್ಲನ್ನು ಸ್ಟ್ಯಾಂಡಿಗೆ ಹಚ್ಚಿ, ತಾನೂ ಪುರುಸೊತ್ತಿನ ಮನುಷ್ಯನೇ ಎಂಬಂತೆ ಎಲೆ ಅಡಿಕೆ ತೆಗೆದ.

ಅಷ್ಟರಲ್ಲಿ ಯಾಕೂಬಸಾಬನ ಬೆನ್ನಿಗೆ ಕೆಂಪು ಬಸ್ಸೊಂದು ಬಂದು ನಿಂತಿತು. ಅದರ ಹಾರ್ನಿನ ಮುಂದೆ ಲಕ್ಷ್ಮಣಪ್ಪನದು ಪೀಪಿ! ಕಂಡಕ್ಟರ್ ಇಳಿದು ಬಂದು, ಬಸ್ಸು ದೊಡ್ಡದು, ಕಾರು ಸಣ್ಣದು, ಯಾರು ಸರಿಯಬೇಕು ನೀವೇ ಹೇಳಿರಿ ಎಂದು ಕೇಳಿದ. ಅಂಗಡಿಯಲ್ಲಿ ಉಪದೇಶಿಸಿದ ಶಾಸ್ತ್ರ ಹೀಗೆ ನಡುರಸ್ತೆಯಲ್ಲಿ ಕೊರಳಿಗೆ ಸುತ್ತಿಕೊಂಡಿತು. ಹಿಂದಿನಿಂದ ಮೇವಿನ ಮುದುಕ ಬಂದ, ರೂಬಿನಾ ಬಂದಳು. ಧೂಳಿಗೆ ಇಳಿಸಿದವರೆಲ್ಲ ಒಬ್ಬೊಬ್ಬರಾಗಿ ಬಂದು, ಸೈಕಲ್ ಹಿಡಿದು ನೋಡುತ್ತ ನಿಂತರು. ಗಡಿಯಾರ ಹನ್ನೊಂದು ದಾಟಿತ್ತು.

ಲಕ್ಷ್ಮಣಪ್ಪ ಕನ್ನಡಿ ಒರೆಸಿದ. ರುಮಾಲು ಸರಿಪಡಿಸಿದ. ಎಂಜಿನ್ ಬಿಸಿಯಾಗಿದೆ, ಕೊಂಚ ಆರಲಿ ಎಂದ. ಅತ್ತ ಮಗಳು ತಲೆಬಾಗಿಲು ನೋಡುತ್ತ ಕುಳಿತಿರುತ್ತಾಳೆ ಎಂದು ನೆನೆದ. ಆದರೂ ತನಗೆ ರಿವರ್ಸ್ ಬಾರದು ಎಂಬ ಮಾತು ಬಾಯಿಂದ ಹೊರಡಲಿಲ್ಲ.

ಬಸವಣ್ಣೆವ್ವ ಬಾಗಿಲು ತೆಗೆದು ಕೆಳಗಿಳಿದಳು.

"ಇವರಿಗೆ ಹಿಂದ ಹೊಡಿಯಾಕ ಬರೂದಿಲ್ಲ," ಎಂದಳು ಇಡೀ ಬಸ್ಸಿಗೆ ಕೇಳುವಂತೆ. "ಹಗಲೆಲ್ಲಾ ನಾ ನೂಕತೀನಿ. ಇವತ್ತ ನೀವೂ ಒಂದೀಟ ಕೈ ಹಚ್ರಿ. ನನ್ನ ಮಗಳ ಕುಬಸ ಐತಿ."

ಬಸ್ಸಿನ ಕಿಟಕಿಗಳಲ್ಲಿ ನಗೆಯೋ ನಗೆ! ಆದರೆ ಕುಬಸ ಎಂಬ ಮಾತಿಗೆ ಈ ಸೀಮೆಯಲ್ಲಿ ಕಲ್ಲೂ ಕರಗುತ್ತದೆ. ಯಾಕೂಬಸಾಬ ಎಲೆ ಉಗಿದು ಬಂದ, ಮುದುಕ ಹೊರೆ ಇಳಿಸಿದ, ಕಂಡಕ್ಟರ್ ಚೀಲ ಬೆನ್ನಿಗೆ ಸರಿಸಿದ. ಎಲ್ಲರೂ ಸೇರಿ ಬಾನೆಟ್ಟಿಗೆ ಕೈಕೊಟ್ಟರು. ಲಕ್ಷ್ಮಣಪ್ಪನ ಕೆಲಸ ಒಂದೇ, ಸ್ಟೇರಿಂಗ್ ನೆಟ್ಟಗೆ ಹಿಡಿಯುವುದು. ಅವನು ಅದನ್ನು ನೆಟ್ಟಗೆ ಹಿಡಿಯಲಿಲ್ಲ. ಎಡಕ್ಕೆ ತಿರುವು ಎಂದರೆ ಬಲಕ್ಕೆ ತಿರುವಿದ, ಬಲಕ್ಕೆ ಎಂದರೆ ಕಣ್ಣು ಮುಚ್ಚಿದ. ರಾಶಿ ದಾಟುತ್ತಲೇ ಕಾರು ಹಿಂಬದಿಯಿಂದ ಮೆಲ್ಲಗೆ ತಗ್ಗಿಗೆ ಇಳಿದು, ಮುಂಗಾಲೆತ್ತಿ ಕೂತುಬಿಟ್ಟಿತು. ದಾರಿಯೇನೋ ತೆರವಾಯಿತು. ಯಾಕೂಬಸಾಬ ಟ್ರಂಕು ಅಲುಗದಂತೆ ದಾಟಿದ, ಬಸ್ಸು ದಾಟಿತು. ಸಂಜೆ ಟ್ರ್ಯಾಕ್ಟರ್ ತಂದು ಎಳೆಯುವೆ ಎಂದು ಹೊಲದಿಂದ ಓಡಿಬಂದ ರಾಶಿಯ ಒಡೆಯ ಸಮಾಧಾನ ಹೇಳಿದ.

ಬುತ್ತಿಯ ಗತಿ? ಅತ್ತ ಹೋಗುವ ಬಸ್ಸು ಇನ್ನು ಮಧ್ಯಾಹ್ನಕ್ಕೇ. ಬಸವಣ್ಣೆವ್ವನ ಕಣ್ಣು ತುಂಬಿತು.

"ಕಾಕಾ, ನನ್ನ ಅಂಗನವಾಡಿ ಇಲ್ಲೇ ಐತಿ," ಎಂದು ರೂಬಿನಾ ಸೈಕಲ್ ಮುಂದೆ ಮಾಡಿದಳು. "ಸಂಜಿತನಾ ನನಗ ಇದು ಬೇಕಾಗೂದಿಲ್ಲ. ಬುತ್ತಿ ಒಯ್ರಿ."

ಲಕ್ಷ್ಮಣಪ್ಪ ಅವಳ ಮುಖ ನೋಡಲಾರದೆ ಸೈಕಲ್ ತೆಗೆದುಕೊಂಡ. ಹ್ಯಾಂಡಲ್ಲಿಗೆ ಗುಲಾಬಿ ಬಣ್ಣದ ಗೊಂಡೆ, ಮುಂದೆ ಪುಟ್ಟ ಬುಟ್ಟಿ. ಬುಟ್ಟಿಯಲ್ಲಿ ಹಸಿರು ಸೀರೆ, ಹಿಂದೆ ಬಸವಣ್ಣೆವ್ವ, ಅವಳ ತೊಡೆಯ ಮೇಲೆ ಬುತ್ತಿ. ಧೋತರ ಎತ್ತಿ ಕಟ್ಟಿ ತುಳಿದ ನೋಡಿ! ಕುಬಿಹಾಳ ಕಾಣುವ ಹೊತ್ತಿಗೆ ಬೆನ್ನ ಹಿಂದಿನಿಂದ ಕಾರೊಂದು ಭೋಂ ಎಂದು ಬಂದು ಇಬ್ಬರನ್ನೂ ಧೂಳಿಗೆ ಇಳಿಸಿ ಹೋಯಿತು. ಲಕ್ಷ್ಮಣಪ್ಪನ ಹಳೆಯ ಬೈಗುಳಗಳೆಲ್ಲ ಒಂದೂ ತುಕ್ಕು ಹಿಡಿಯದೆ ಹೊರಬಂದವು. ಬಸವಣ್ಣೆವ್ವ ನಕ್ಕ ನಗೆಗೆ ಬುತ್ತಿ ಬೀಳುವುದೊಂದು ಬಾಕಿ.

ಹನ್ನೆರಡಕ್ಕೆ ಇನ್ನೂ ತುಸು ಹೊತ್ತಿತ್ತು. ಬೀಗರ ಅಂಗಳದಲ್ಲಿ ಹೆಂಗಸರೆಲ್ಲ ಎದ್ದು ನಿಂತರು. ಮಲ್ಲಿಕಾ ಹೊಟ್ಟೆ ಹಿಡಿದುಕೊಂಡೇ ಓಡಿಬಂದು, ಬೆವರು ಸುರಿಯುವ ಅಪ್ಪನ ಕೈ ಹಿಡಿದಳು. ಅವಳ ಕಣ್ಣಲ್ಲಿ ನಾಚಿಕೆ ಹುಡುಕಿದ, ಸಿಗಲಿಲ್ಲ. ಅವನಿಗೇ ಅಳು ಬಂದಂತಾಯಿತು.

ಬೀಗರು ತಂಬಿಗೆ ನೀರು ಕೊಟ್ಟು ಕಾರೆಲ್ಲಿ ಎಂದು ಕೇಳಿದರು. ದಾರಿಯಲ್ಲಿ ನಿಂತಿದೆ ಎಂದಷ್ಟೇ ಹೇಳಿ ಲಕ್ಷ್ಮಣಪ್ಪ ತಲೆ ತಗ್ಗಿಸಿದ.

"ಭಾಳ ಚೊಲೊ ಆತು ಬಿಡ್ರಿ," ಎಂದರು ಬೀಗರು. "ನಾ ಮುಂಜಾನಿಂದ ಅದೇ ಚಿಂತಿ ಮಾಡಾಕತ್ತಿದ್ದೆ. ನಮ್ಮ ಓಣಿ ಅಗದಿ ಸಣ್ಣದು. ಕಾರ್ ಒಳಗ ಬಂದರ ತಿರಗಸಾಕ ಜಾಗಾ ಇಲ್ಲ, ಊರ ಅಗಸಿ ಬಾಗಲತನಾ ಹಿಂದಹಿಂದಕ್ಕ ಹೊಡಕೊಂಡ ಹೋಗಬೇಕು."

ನೀರು ನೆತ್ತಿಗೇರಿ ಲಕ್ಷ್ಮಣಪ್ಪ ಕೆಮ್ಮತೊಡಗಿದ. ಬಸವಣ್ಣೆವ್ವ ಅವನ ಬೆನ್ನು ತಟ್ಟುತ್ತ, ಬೀಗರ ಕಡೆ ತಿರುಗಿ ಅಗದಿ ಗಂಭೀರವಾಗಿ ಹೇಳಿದಳು:

"ಅದನ್ನ ವಿಚಾರ ಮಾಡೇ ಬಿಟ್ಟು ಬಂದಾರ್ರೀ. ಇವರು ಏನ ಮಾಡಿದ್ರೂ ಹಿಂದ ಮುಂದ ನೋಡೇ ಮಾಡ್ತಾರ."