ಕಂಪ್ಯೂಟರಿಗೆ ಬೇಕಾದ ಅಮ್ಮನ ಒಪ್ಪಿಗೆ

ನಾನು ಸ್ವಭಾವತಃ ಸುಳ್ಳುಗಾರನಲ್ಲ. ಅಳತೆ ನೋಡುವುದೇ ನನ್ನ ಕಸುಬು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಲನ್ನು ಪಕ್ಕಕ್ಕಿಡುವವನು. ಆದರೆ ಫಾರಂ ಕಂಡರೆ ಮಾತ್ರ ನನ್ನ ಬುದ್ಧಿ ಕೆಡುತ್ತದೆ. ಪರಿಚಯವಿಲ್ಲದವರು ನಾನು ಹುಟ್ಟಿದ ದಿನ, ಮದುವೆಯಾದ ದಿನ ಕೇಳಿದರೆ ಬಾಯಿಗೆ ಬಂದ ತಾರೀಖು ಹೇಳಿಬಿಡುತ್ತೇನೆ. ಒಮ್ಮೆ ಚಪ್ಪಲಿ ಅಂಗಡಿಯೊಂದರಲ್ಲಿ ಹಾಗೆ ಹೇಳಿ ಬಂದಿದ್ದೆ. ಆರು ತಿಂಗಳ ನಂತರ ಆ ಅಂಗಡಿಯಿಂದ ಫೋನಿಗೆ ಮದುವೆ ವಾರ್ಷಿಕೋತ್ಸವದ ಶುಭಾಶಯ ಬಂತು. ನನ್ನ ಹೆಂಡತಿ ಲಲಿತ ಅದನ್ನು ಎರಡು ಸಲ ಓದಿ, "ನಮ್ಮದು ಮೇ ತಿಂಗಳು. ಈ ನವೆಂಬರ್‌ದು ಯಾರ ಜೊತೆ?" ಎಂದು ಶಾಂತವಾಗಿ ಕೇಳಿದ್ದಳು. ಅಷ್ಟಾದರೂ ನನಗೆ ಬುದ್ಧಿ ಬಂದಿರಲಿಲ್ಲ.

ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನಾನು ಇನ್ಸ್‌ಪೆಕ್ಷನ್ ನೋಡಿಕೊಳ್ಳುತ್ತೇನೆ. ನೀರಿನ ಪಂಪುಗಳಿಗೆ ಹಾಕುವ, ಲೋಹದ ಬಳೆಯಂಥ ಬುಷ್ಷುಗಳನ್ನು ನಾವು ಮಾಡುತ್ತೇವೆ. ಪ್ರತಿಯೊಂದು ಲಾಟಿನ ಜೊತೆಗೂ ಅಳತೆಯ ರಿಪೋರ್ಟು ಹೋಗಬೇಕು. ರಿಪೋರ್ಟಿಲ್ಲದ ಮಾಲನ್ನು ಕೊಳ್ಳುವವರ ಗೇಟಿನಿಂದಲೇ ವಾಪಸು ಕಳಿಸುತ್ತಾರೆ. ಕೈಯಲ್ಲಿ ಬರೆದದ್ದು ನಡೆಯುವುದಿಲ್ಲ, ಪ್ರಿಂಟೇ ಬೇಕು. ಆ ರಿಪೋರ್ಟುಗಳನ್ನು ಹನ್ನೊಂದು ವರ್ಷದಿಂದ ಹೊತ್ತುಕೊಂಡಿದ್ದ ಕಂಪ್ಯೂಟರು ಒಂದು ಶನಿವಾರ ಕಣ್ಣು ಮುಚ್ಚಿತು. ಸೋಮವಾರ ನಮ್ಮ ಓನರ್ ಪ್ರಸಾದ್ ಅವರು ಹೊಸದನ್ನು ತಂದು ನನ್ನ ಮೇಜಿನ ಮೇಲಿಟ್ಟರು. "ನಂಜುಂಡಪ್ಪನೋರೇ, ಶುಕ್ರವಾರ ಬೆಳಗ್ಗೆ ಗಾಡಿ ಹೊರಡ್ಬೇಕು. ಅಷ್ಟರೊಳಗೆ ಸೆಟ್ ಮಾಡ್ಕೊಂಡ್ಬಿಡಿ," ಎಂದರು.

ಹೊಸ ಕಂಪ್ಯೂಟರು ಚಾಲೂ ಆದೊಡನೆ ಒಳಗೆ ಬಿಡಲಿಲ್ಲ. ಮೊದಲು ಇಂಟರ್ನೆಟ್ ಬೇಕೆಂದಿತು. ನಮ್ಮ ತಗಡಿನ ಶೆಡ್ಡಿನೊಳಗೆ ಸಿಗ್ನಲ್ ಬರುವುದೇ ಕಷ್ಟ. ಕಿಟಕಿಯ ಸರಳಿಗೆ ಫೋನ್ ಕಟ್ಟಿ ಅದನ್ನೂ ಒದಗಿಸಿದೆ. ಏನೋ ಅಪ್‌ಡೇಟ್ ಮಾಡಲೇ ಎಂದಿತು; ಬೇಡ ಎಂದರೆ, ಎರಡು ದಿನ ಬಿಟ್ಟು ಮತ್ತೆ ನೆನಪಿಸುತ್ತೇನೆ ಎಂದಿತು. ಆಮೇಲೆ ಆನ್‌ಲೈನ್ ಖಾತೆ ತೆರೆಯಿರಿ ಎಂದಿತು. ಬೇಡ ಎನ್ನಲು ಎಲ್ಲಿಯಾದರೂ ಒತ್ತುವ ಜಾಗವಿದೆಯೇ ಎಂದು ಕನ್ನಡಕ ಒರೆಸಿ ಒರೆಸಿ ಹುಡುಕಿದೆ. ಇರಲಿಲ್ಲ. ನಮ್ಮ ಮೇಜು, ನಮ್ಮ ಕರೆಂಟು, ನಮ್ಮ ಕಂಪ್ಯೂಟರು, ಬುಷ್ಷಿನ ಅಳತೆ ಬರೆದುಕೊಳ್ಳಲು ಎಲ್ಲಿಯದೋ ಕಂಪನಿಯ ಅಪ್ಪಣೆ! ಸಿಟ್ಟಿನಲ್ಲೇ ಫೋನ್ ನಂಬರು ಕೊಟ್ಟೆ. ಹುಟ್ಟಿದ ದಿನ ಕೇಳಿದಾಗ ಮಾತ್ರ ನನ್ನ ಹಳೆಯ ಚಟ ತಲೆ ಎತ್ತಿತು. ಎದುರಿಗೇ ಇದ್ದ, ಬುಷ್ಷು ಕಡೆಯುವ ಸಿಎನ್‌ಸಿ ಮಷಿನ್ನಿನ ಮೇಲೆ ಅದು ತಯಾರಾದ ತಾರೀಖು ಕಾಣುತ್ತಿತ್ತು. ಅದನ್ನೇ ಹೊಡೆದೆ.

ಮಷಿನ್ನಿಗೆ ಒಂಬತ್ತು ವರ್ಷ ಎಂಬುದು ಆಗ ತಲೆಗೆ ಹೊಳೆಯಲಿಲ್ಲ. ಕಂಪ್ಯೂಟರಿಗೆ ಥಟ್ಟನೆ ಹೊಳೆಯಿತು. ಪರದೆಯ ಮೇಲೆ ಬಣ್ಣದ ಬಲೂನುಗಳ ಚಿತ್ರವೊಂದು ಬಂದು, ನಾನು ಇನ್ನೂ ಚಿಕ್ಕವನು, ಮುಂದುವರಿಯಲು ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು, ಹಿರಿಯರನ್ನು ಕರೆಯಿರಿ ಎಂದು ಬಹಳ ಪ್ರೀತಿಯಿಂದ ಹೇಳಿತು. ತಾರೀಖು ತಿದ್ದಲು ಹೋದೆ. ತಿದ್ದುವುದಕ್ಕೂ ಹಿರಿಯರ ಒಪ್ಪಿಗೆ ಬೇಕಂತೆ. ನನಗೆ ಐವತ್ತಾರು. ತಲೆಯಲ್ಲಿ ಉಳಿದಿರುವುದು ಕೆಲವೇ ಕೂದಲು, ಅವೂ ಬಿಳಿ. ನನ್ನ ಹಿಂದೆ ನಿಂತು ನೋಡುತ್ತಿದ್ದ ಯಮನಪ್ಪ ನಗು ತಡೆಯಲಾರದೆ ಕೂಲಂಟ್ ಡಬ್ಬಿಯ ಕಡೆ ಮುಖ ತಿರುಗಿಸಿದ. ಯಮನಪ್ಪ ಕೊಪ್ಪಳದ ಕಡೆಯವನು. ನಮ್ಮ ಸಿಎನ್‌ಸಿ ಆಪರೇಟರ್, ಇಬ್ಬರು ಮಕ್ಕಳ ತಂದೆ, ರಾಜಗೋಪಾಲನಗರದಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಬಾಡಿಗೆಗಿದ್ದಾನೆ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಅಮ್ಮನಿಗೆ ವಿಷಯ ಹೇಳಿದೆ. ಅಮ್ಮನಿಗೆ ಎಂಬತ್ತು ದಾಟಿದೆ. ಆಕೆ ರಾಗಿ ಬಿತ್ತಿದ ಹೊಲದ ಮೇಲೆ ಈಗ ಕಾರ್ಖಾನೆಗಳೇ ನಿಂತಿದ್ದರೂ, ನನ್ನ ಮೇಲಿನ ಅಧಿಕಾರವನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟಿಲ್ಲ.

"ಅಂಗಂದ್ರೆ, ನಾನು ಊಂ ಅಂದ್ರೇನೇ ಅದು ನಡೆಯೋದಾ?" ಎಂದಳು ಅಮ್ಮ, ಮುದ್ದೆ ಮುರಿಯುವುದನ್ನು ನಿಲ್ಲಿಸಿ.

"ಹೂಂ ಕಣಮ್ಮ."

"ಯಾರೋ ತಿಳಿದೋರೇ ಮಾಡವ್ರೆ. ನಾನು ಊಂ ಅನ್ನಾಕಿಲ್ಲ. ಬೆಳಗಿಂದ ಸಂಜೆಗಂಟ ಅದರ ಮುಂದೆ ಕುಂತು ಬೆನ್ನು ಬಿಲ್ಲಾಗೈತೆ. ವಸಿ ಓಡಾಡ್ಲಾ."

ಲಲಿತ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಅಮ್ಮ ಒಪ್ಪಿದ್ದರೂ ಪ್ರಯೋಜನವಿರಲಿಲ್ಲ. ಒಪ್ಪಿಗೆ ಕೊಡಬೇಕಾದರೆ ಅಮ್ಮನೂ ಅದೇ ಕಂಪನಿಯಲ್ಲಿ ಒಂದು ಖಾತೆ ತೆರೆಯಬೇಕು. ಅಮ್ಮನ ಬಳಿ ಇರುವುದು ಗುಂಡಿ ಒತ್ತುವ ಫೋನು. ಅದರಲ್ಲಿ ಆಕೆ ಒತ್ತುವುದು ಹಸಿರು ಗುಂಡಿಯನ್ನು ಮಾತ್ರ.

ವಾಪಸು ಬಂದಾಗ ಪ್ರಸಾದ್ ಅವರು, "ಹೋಗ್ಲಿ ಬಿಡಿ ಸಾರ್, ನನ್ನ ನಂಬರಲ್ಲಿ ಇನ್ನೊಂದು ಖಾತೆ ಮಾಡೋಣ," ಎಂದರು. ಸುಲಭದ ದಾರಿ ಅದೇ ಆಗಿತ್ತು. ಆದರೆ ಒಂಬತ್ತು ವರ್ಷದ ಮಗುವೆನಿಸಿಕೊಂಡ ಅವಮಾನ ನನ್ನೊಳಗೆ ಕುದಿಯುತ್ತಿತ್ತು. "ಬೇಡ ಸಾರ್. ಈ ಕಂಪ್ಯೂಟರಲ್ಲಿ ಯಾರ ಖಾತೆಯೂ ಇರೋದಿಲ್ಲ," ಎಂದೆ. ಎಂದೂ ದನಿ ಎತ್ತದ ನನ್ನ ಬಾಯಿಂದ ಬಂದ ಈ ಮಾತು ಕೇಳಿ ಅವರಿಗಿಂತ ನನಗೇ ಹೆಚ್ಚು ಗಾಬರಿಯಾಯಿತು.

ಆಗ ಯಮನಪ್ಪ ಕೈ ಒರೆಸಿಕೊಳ್ಳುತ್ತಾ ಬಂದು, "ಸರ, ಕಂಪನಿ ಸಾಫ್ಟ್‌ವೇರ್ ತಗದು ಲಿನಕ್ಸ್ ಹಾಕೂಣೇನ್ರಿ? ನನ್ನ ಹಳೇ ಲ್ಯಾಪ್‌ಟಾಪಿನ್ಯಾಗ ಮೂರು ವರ್ಷಾತು ಅದ ಐತಿ. ಅದಕ್ಕ ನಿಮ್ಮ ಹುಟ್ಟಿದ ದಿನಾನೂ ಬ್ಯಾಡ, ಫೋನ್ ನಂಬರೂ ಬ್ಯಾಡ. ಹೆಸರು ಕೇಳ್ತೈತಿ, ಪಾಸ್‌ವರ್ಡ್ ಕೇಳ್ತೈತಿ, ಅಷ್ಟ," ಎಂದ. ಲಿನಕ್ಸ್ ಎಂದರೆ ದೊಡ್ಡ ದೊಡ್ಡ ಎಂಜಿನಿಯರುಗಳು ಕಪ್ಪು ಪರದೆಯ ಮೇಲೆ ಮಂತ್ರ ಬರೆಯುವ ವಿದ್ಯೆಯೆಂದು ನಾನು ತಿಳಿದಿದ್ದೆ. ಮೂರು ವರ್ಷ ನನ್ನ ಪಕ್ಕದಲ್ಲೇ ಕೂತು ಟೀ ಕುಡಿದ ಮನುಷ್ಯನಿಗೆ ಅದು ಬರುತ್ತದೆಂದು ಗೊತ್ತೇ ಇರಲಿಲ್ಲ. ನಾನು ಯಾವತ್ತೂ ಕೇಳಿರಲೂ ಇಲ್ಲ.

ಮಂಗಳವಾರ ಅವನು ಪೆನ್‌ಡ್ರೈವ್ ತಂದ. ಅರ್ಧ ಗಂಟೆಯಲ್ಲಿ ಖಾತೆ ಕೇಳುತ್ತಿದ್ದ ಸಾಫ್ಟ್‌ವೇರ್ ಹೋಗಿ ಲಿನಕ್ಸ್ ಬಂತು. ಹೆಸರು ಕೇಳಿತು. ಜೀವನದಲ್ಲಿ ಮೊದಲ ಸಲ ಕಂಪ್ಯೂಟರಿಗೆ ನಿಜ ಹೇಳಿದೆ: ನಂಜುಂಡಪ್ಪ. ಅದು ನಂಬಿತು. ಹಳೆಯ ಕಂಪ್ಯೂಟರಿನ ಡಿಸ್ಕನ್ನು ಬಿಚ್ಚಿ ಯಮನಪ್ಪ ಇದಕ್ಕೆ ಜೋಡಿಸಿದಾಗ ಹನ್ನೊಂದು ವರ್ಷದ ರಿಪೋರ್ಟುಗಳೆಲ್ಲ ಕಣ್ಣೆದುರು ಬಂದವು. ನನ್ನ ಕಣ್ಣು ಸ್ವಲ್ಪ ಒದ್ದೆಯಾದದ್ದು ನಿಜ. ಪಕ್ಕದ ಗ್ರೈಂಡಿಂಗಿನ ಧೂಳು ಕಣ್ಣಿಗೆ ಬಿತ್ತೆಂದು ಹೇಳಿ ಮಾನ ಉಳಿಸಿಕೊಂಡೆ.

ಸಂತೋಷ ಬುಧವಾರದವರೆಗೆ ಬಾಳಿತು. ಪ್ರಿಂಟ್ ಕೊಟ್ಟರೆ ನಮ್ಮ ಹಳೆಯ ಪ್ರಿಂಟರು ಒಂದೊಂದು ಹಾಳೆಗೆ ಒಂದೊಂದು ಸಾಲಿನಂತೆ ಚಿತ್ರವಿಚಿತ್ರ ಗುರುತುಗಳನ್ನು ಉಗುಳತೊಡಗಿತು. ಮೂವತ್ತು ಹಾಳೆ ಹಾಳಾದ ಮೇಲೆ ವೈರು ಕಿತ್ತು ನಿಲ್ಲಿಸಿದೆ. ಪ್ರಸಾದ್ ಅವರು ಬಾಗಿಲಲ್ಲಿ ನಿಂತು ನೋಡಿ, "ಸಾರ್, ಈ ಲಾಟ್ ವಾಪಸ್ ಬಂದ್ರೆ ಮುಂದಿನ ಆರ್ಡರ್ ಕೊಡೋದಿಲ್ಲ ಅವ್ರು. ಹಠ ಮಾಡೋ ಟೈಮಲ್ಲ ಇದು," ಎಂದರು. ಆ ಆರ್ಡರನ್ನು ನಂಬಿಕೊಂಡೇ ಹದಿನಾಲ್ಕು ಮಂದಿ ನಾವಲ್ಲಿ ದುಡಿಯುತ್ತಿದ್ದೆವು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

"ನಾಳೆ ಸಂಜೆವರೆಗೆ ಟೈಮ್ ಕೊಡಿ ಸಾರ್. ಆಗ್ಲಿಲ್ಲ ಅಂದ್ರೆ ನಿಮ್ಮ ನಂಬರಲ್ಲೇ ಖಾತೆ ಮಾಡ್ತೀನಿ, ನಾನೇ ಮಾಡ್ತೀನಿ," ಎಂದೆ.

ಗುರುವಾರ ಬೆಳಗ್ಗೆಯಿಂದ ನಾನೂ ಯಮನಪ್ಪನೂ ಆ ಪ್ರಿಂಟರಿನ ಮುಂದೆ ಕೂತೆವು. ಅವನು ಮಷಿನ್ನಿಗೆ ಮುಂದಿನ ತುಂಡು ಕಟ್ಟಿ ಬರುತ್ತಿದ್ದ, ನಾನು ಬುಷ್ಷುಗಳ ಅಳತೆ ನೋಡಿ ಬರುತ್ತಿದ್ದೆ. ನಡುವೆ ಸಿಕ್ಕ ಐದೈದು ನಿಮಿಷದಲ್ಲಿ ಲಿನಕ್ಸ್ ತೋರಿಸಿದ ಪಟ್ಟಿಯಲ್ಲಿದ್ದ ಒಂದೊಂದೇ ಪ್ರಿಂಟರಿನ ಹೆಸರು ಆರಿಸಿ ಪರೀಕ್ಷೆ ಮಾಡುತ್ತಿದ್ದೆವು. ನಮ್ಮ ಪ್ರಿಂಟರಿನ ಹೆಸರೇ ಆ ಪಟ್ಟಿಯಲ್ಲಿರಲಿಲ್ಲ; ಅದೇ ಜಾತಿಯ ಇಪ್ಪತ್ತು ಹೆಸರುಗಳಿದ್ದವು, ಯಾವುದಾದರೂ ಹೊಂದೀತೆಂಬ ಆಸೆ. ಮಧ್ಯಾಹ್ನದ ಹೊತ್ತಿಗೆ ಹನ್ನೆರಡು ಹೆಸರು ಮುಗಿದವು. ಯಮನಪ್ಪ ಸೋತವನಂತೆ, "ಸರ, ಬಿಡೂಣೇನ್ರಿ?" ಎಂದ.

"ಇನ್ನೂ ಎಷ್ಟಿವೆ?"

"ಎಂಟು ಅದಾವ್ರಿ."

"ಎಂಟೂ ಮುಗೀಲಿ. ಆಮೇಲೆ ಅಳೋಣ," ಎಂದೆ.

ಹದಿನೇಳನೆಯ ಹೆಸರಿಗೆ ಪ್ರಿಂಟರು ಒಂದು ಕ್ಷಣ ಸುಮ್ಮನಿದ್ದು, ಕೆಮ್ಮಿ, ಹಾಳೆಯನ್ನು ಒಳಗೆಳೆದುಕೊಂಡಿತು. ಹೊರಗೆ ಬಂದದ್ದು ಅಚ್ಚುಕಟ್ಟಾದ ರಿಪೋರ್ಟು: ಗೆರೆ, ಅಂಕಿ, ಕೆಳಗೆ ನನ್ನ ಹೆಸರು, ಎಲ್ಲವೂ ಇದ್ದ ಹಾಗೇ. ಯಮನಪ್ಪ ಎಣ್ಣೆ ಕೈಯಲ್ಲೇ ಅದನ್ನು ಎತ್ತಿ ಹಿಡಿದು ಶೆಡ್ಡಿನ ಆ ತುದಿಯವರೆಗೆ ಹೋಗಿ ಎಲ್ಲರಿಗೂ ತೋರಿಸಿ ಬಂದ. ಪ್ರಸಾದ್ ಅವರು ಹಾಳೆಯನ್ನು ತಿರುವಿ ಮುರುವಿ ನೋಡಿ, "ಚೆನ್ನಾಗೇ ಬಂದಿದೆಯಲ್ಲ ಕಣ್ರೀ," ಎಂದವರು, ಯಮನಪ್ಪನ ಕಡೆ ತಿರುಗಿ, "ಆಫೀಸಲ್ಲಿ ಇನ್ನೊಂದು ಕಂಪ್ಯೂಟರೂ ಇದೆ, ಅದಕ್ಕೂ ಹಾಕ್ಕೊಡಪ್ಪ," ಎಂದರು. ಶುಕ್ರವಾರ ಗಾಡಿ ಹೊರಟಿತು. ಮಾಲು ವಾಪಸು ಬರಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ವೀರನಾಗಿಯೇ ಉಳಿಯುತ್ತಿದ್ದೆ. ಆದರೆ ಗೆದ್ದ ಮನುಷ್ಯ ಸುಮ್ಮನಿರುವುದು ಕಷ್ಟ. ಯಾರದೇ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಅವರ ಕಂಪ್ಯೂಟರಿನ ಮೇಲೆ ಬೀಳತೊಡಗಿತು. ಭಾವಮೈದುನನ ಮಗಳ ನಾಮಕರಣದಲ್ಲಿ ಊಟಕ್ಕೆ ಕೂತವರಿಗೆಲ್ಲ ಸ್ವಾತಂತ್ರ್ಯದ ಮಹತ್ವ ವಿವರಿಸಿದೆ; ಪಾಯಸ ಬಡಿಸುವವನು ಮಾತು ಮುಗಿಯಲೆಂದು ಕಾದು ಕಾದು ಮುಂದಿನ ಸಾಲಿಗೆ ಹೋದ. ಹೋದ ಭಾನುವಾರ ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡು ಪಕ್ಕದ ಮನೆಯ ಗೋಪಿನಾಥರ ಬಾಗಿಲು ಬಡಿದೆ. ಅವರು ನಿವೃತ್ತ ಮೇಷ್ಟರು, ತುಂಬಾ ಸಂಭಾವಿತರು. ಕಿಟಕಿಯಿಂದ ನನ್ನನ್ನು ನೋಡಿದವರೇ ಲ್ಯಾಪ್‌ಟಾಪನ್ನು ದಿಂಬಿನ ಕೆಳಗೆ ತಳ್ಳಿದ್ದು ನನಗೆ ಸ್ಪಷ್ಟವಾಗಿ ಕಂಡಿತು.

ಬಾಗಿಲನ್ನು ಅರ್ಧ ಮಾತ್ರ ತೆರೆದು ಅವರು ಕೈಮುಗಿದರು. "ನಂಜುಂಡಪ್ಪನೋರೇ, ಮೂರು ಸಲ ಬೇಡ ಅಂದಿದ್ದೀನಿ. ನಂಗೆ ಇರೋದೇ ಚೆನ್ನಾಗಿದೆ. ದಯವಿಟ್ಟು ಬಿಟ್ಬಿಡಿ ಸಾರ್."

"ಅಯ್ಯೋ, ಬಲವಂತ ಏನಿಲ್ಲ ಮೇಷ್ಟ್ರೇ," ಎಂದು ನಾನು ಮೆಟ್ಟಿಲಿಳಿದೆ. ಗೇಟಿನ ಹತ್ತಿರ ಹೋದವನು ಮನಸ್ಸು ತಡೆಯದೆ ತಿರುಗಿ ನಿಂತು, "ಈಗ ಬೇಡ ಅಂದ್ರೆ ಬೇಡ ಬಿಡಿ. ಎರಡು ದಿನ ಬಿಟ್ಟು ನಾನೇ ಮತ್ತೆ ನೆನಪಿಸ್ತೀನಿ," ಎಂದೆ.