ನಮ್ಮ ಭಾವನ ಅರ್ಧ ಇಂಚು

ನಮ್ಮ ಭಾವ ದೇವರಿಗೆ ಕೈ ಮುಗಿಯುವ ಮುಂಚೆ ದೇವರನ್ನು ಸರಿ ಮಾಡುತ್ತಾರೆ. ತಮಾಷೆಗೆ ಹೇಳುತ್ತಿಲ್ಲ ಸ್ವಾಮಿ! ಯಾರ ಮನೆಗೇ ಹೋಗಲಿ, ಗೋಡೆಯ ಮೇಲಿನ ಪಟ ಎಳ್ಳುಕಾಳಿನಷ್ಟು ವಾಲಿದ್ದರೂ ಸಾಕು, ಸೀದಾ ಅಲ್ಲಿಗೆ ಹೋಗಿ, ಎರಡೂ ಮೂಲೆ ಹಿಡಿದು ನೆಟ್ಟಗೆ ಮಾಡಿ, ಹಿಂದಕ್ಕೆ ಬಂದು ಒಂದು ಕಣ್ಣು ಮುಚ್ಚಿ ನೋಡಿ, ತೃಪ್ತಿಯಾದ ಮೇಲೇ ನಮಸ್ಕಾರ. ಅಷ್ಟರಲ್ಲಿ ಮನೆಯವರು ತಂದಿಟ್ಟ ಕಾಫಿ ಆರಿರುತ್ತದೆ. ಆರಿದ ಕಾಫಿಯನ್ನು ಅವರು ಕುಡಿಯುವುದಿಲ್ಲ ಎನ್ನುವುದು ಬೇರೆ ಮಾತು.

ನಂಬಿಕೆ ಬರದಿದ್ದರೆ ನನ್ನ ಮದುವೆಯ ಆಲ್ಬಂ ನೋಡಿ. ತಾಳಿ ಕಟ್ಟುವ ಫೋಟೋದಲ್ಲಿ ನಾನಿದ್ದೇನೆ, ನನ್ನ ಹೆಂಡತಿ ಇದ್ದಾಳೆ, ಪುರೋಹಿತರಿದ್ದಾರೆ, ಎಡಗಡೆಯಿಂದ ವಾಚು ಕಟ್ಟಿದ ಒಂದು ಕೈ ಬಂದಿದೆ. ಅದು ನನ್ನ ಬಾಸಿಂಗ ಸರಿ ಮಾಡುತ್ತಿದೆ. ಧಾರೆಯ ಫೋಟೋದಲ್ಲಿ ಅದೇ ಕೈ ಹಾರ ಸರಿ ಮಾಡುತ್ತಿದೆ. ಸಪ್ತಪದಿಯಲ್ಲಿ ಪಂಚೆಯ ಅಂಚು ಎಳೆಯುತ್ತಿದೆ! “ನೀವು ಮದುವೆ ಆಗಿದ್ದು ನನ್ನನ್ನೋ ಆ ಕೈಯನ್ನೋ?” ಎಂದು ನನ್ನ ಹೆಂಡತಿ ಇವತ್ತಿಗೂ ಕೇಳುತ್ತಾಳೆ.

ಇಂಥವರು ಕಾರ್ಖಾನೆಯಲ್ಲಿ ತಪ್ಪು ಹುಡುಕುವ ಇನ್ಸ್‌ಪೆಕ್ಟರ್ ಆಗಿರಬೇಕು ಅಂದುಕೊಂಡಿರಾ? ಅಲ್ಲ. ಪೀಣ್ಯದ ಒಂದು ಮೋಟಾರು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಮೋಟಾರನ್ನು ಮರದ ಪೆಟ್ಟಿಗೆಯಲ್ಲಿ ಹುಲ್ಲು ತುಂಬಿಸಿ ಕೂರಿಸಿ ಮೊಳೆ ಹೊಡೆಯುವುದು. ಅವರು ಕಟ್ಟಿದ ಪೆಟ್ಟಿಗೆ ದಾರಿಯಲ್ಲಿ ಒಡೆದಿದ್ದನ್ನು ಯಾರೂ ಕೇಳಿಲ್ಲ. ಊರು ತಲುಪಿದ ಮೇಲೆ ತೆಗೆಯಲಾಗದೆ ಗಿರಾಕಿಗಳು ಗೋಳಾಡಿದ್ದುಂಟು! ಒಂದು ದೀಪಾವಳಿಗೆ ನನಗೊಂದು ಷರ್ಟ್ ಪೀಸ್ ಕೊಟ್ಟರು. ಆ ಪೊಟ್ಟಣದ ದಾರ ಬಿಚ್ಚುವಷ್ಟರಲ್ಲಿ ಹಬ್ಬ ಮುಗಿದಿತ್ತು.

ಇಂಥವರ ಕೈ ಹಿಡಿದವಳು ನಮ್ಮಕ್ಕ. ನಗುವುದು ಬಿಟ್ಟರೆ ಬೇರೇನೂ ಅಚ್ಚುಕಟ್ಟಾಗಿ ಬಾರದ ಅಕ್ಕ! ಅವಳು ಹುರುಳಿಕಾಯಿ ಹೆಚ್ಚಿದರೆ ಒಂದು ಉದ್ದ, ಒಂದು ಗಿಡ್ಡ. ಸೀರೆ ಮಡಚಿದರೆ ಅದು ಮುದ್ದೆ. ಭಾವ ಬೈಯುವವರಲ್ಲ. ಬೈದಿದ್ದರೆ ಅವಳೂ ತಿರುಗಿ ಬೈದು ಹಗುರವಾಗುತ್ತಿದ್ದಳೇನೋ. ಅವರು ತುಟಿಪಿಟಕ್ಕೆನ್ನದೆ ಅವಳು ಮಾಡಿದ್ದನ್ನೆಲ್ಲ ಹಿಂದಿನಿಂದ ಬಂದು ಮತ್ತೆ ಮಾಡುತ್ತಿದ್ದರು. ಒಗೆದು ಹರವಿದ ಬಟ್ಟೆ ತೆಗೆದು ಮತ್ತೆ ಹರವುವುದು, ಡಬ್ಬಿ ಜೋಡಿಸಿದ್ದನ್ನು ಮತ್ತೆ ಜೋಡಿಸುವುದು, ಹಾಸಿದ ಹಾಸಿಗೆ ಎತ್ತಿ ಮತ್ತೆ ಹಾಸುವುದು. ದಿನವಿಡೀ ಮಾಡಿದ ಕೆಲಸ ಕಣ್ಣೆದುರೇ ಇಲ್ಲದಂತಾದರೆ ಯಾರಿಗೆ ತಾನೇ ಸಂಕಟವಾಗುವುದಿಲ್ಲ? ಒಂದು ದಿನ ಅಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡು, “ರೀ, ನನ್ನನ್ನೂ ಒಂದ್ಸಲ ಕೊಡವಿ, ಮಡಚಿ ಇಟ್ಬಿಡಿ ಅತ್ಲಾಗೆ!” ಎಂದಳು. ಭಾವನಿಗೂ ನಗು ಬಂತು. ನಗುತ್ತಲೇ ಅವಳ ಸೆರಗಿನ ಪಿನ್ನು ಸರಿ ಮಾಡಿದರು.

ಅಕ್ಕನಿಗೆ ಇದ್ದದ್ದು ಒಂದೇ ಆಸೆ. ಪೀಣ್ಯದ ವಠಾರದಲ್ಲಿ ಅವರದು ಒಂದೇ ಕೋಣೆಯ ಮನೆ. ಒಲೆಯೂ ಅಲ್ಲೇ, ಹಾಸಿಗೆಯೂ ಅಲ್ಲೇ, ನೆಂಟರಾಗಿ ಹೋದರೆ ನಾವೂ ಅಲ್ಲೇ. “ನಂಗೆ ಒಡವೆ ಬೇಡ ಕಣೋ, ನಂದೇ ಅಂತ ಒಂದು ಅಡುಗೆಮನೆ ಬೇಕು. ಒಲೆ ಮುಂದೆ ಕೂತ್ರೆ ನಲ್ಲಿ ಜಗಳ ಕಿವಿಗೆ ಬೀಳಬಾರದು, ಕಿಟಕಿಯಿಂದ ಬೆಳಗಿನ ಬಿಸಿಲು ಬೀಳಬೇಕು, ಅಷ್ಟೇ,” ಎನ್ನುತ್ತಿದ್ದಳು. ಭಾವ ರಾಜಗೋಪಾಲನಗರದಲ್ಲಿ ಒಂದು ಸೈಟು ಕೊಂಡಾಗ ಅವಳು ಖಾಲಿ ಸೈಟಿನಲ್ಲೇ ಸೀರೆ ಎತ್ತಿ ಕಟ್ಟಿ ಓಡಾಡಿ, “ಇಲ್ಲಿ ಒಲೆ, ಇಲ್ಲಿ ಕಿಟಕಿ,” ಎಂದು ಕಾಲಲ್ಲಿ ಗೆರೆ ಎಳೆದಳು. ಭಾವ ಆ ಗೆರೆಯನ್ನು ಟೇಪು ಹಿಡಿದು ಮತ್ತೆ ಎಳೆದರು.

ಅಲ್ಲಿಂದ ಶುರುವಾಯಿತು ನೋಡಿ! ಮಾಕಳಿಯ ಒಬ್ಬ ಮೇಸ್ತ್ರಿ ಗೊತ್ತಾದ. ಭಾವ ಪೇಟೆಗೆ ಹೋಗಿ ಒಂದು ರಸಮಟ್ಟ ತಂದರು. ಅದೇ, ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುತ್ತದಲ್ಲ, ಮಟ್ಟ ನೋಡುವುದಕ್ಕೆ. ಮೇಸ್ತ್ರಿಯ ಹತ್ತಿರ ಒಂದಿತ್ತು. ಆದರೆ ಅದರ ಮೇಲೆ ಭಾವನಿಗೆ ಅನುಮಾನ! ಸೈರನ್ ಆಗುತ್ತಲೇ ಕಾರ್ಖಾನೆಯಿಂದ ಸೈಕಲ್ ತುಳಿದುಕೊಂಡು ಬಂದು, ಗೋಡೆಗೆ ರಸಮಟ್ಟ ಒತ್ತಿ, ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು, ಒಂದು ಕಣ್ಣು ಮುಚ್ಚುತ್ತಿದ್ದರು.

“ಮೇಸ್ತ್ರಿ, ಇದು ಅರ್ಧ ಇಂಚು ಹೊರಗಡೆ ಹೋಗಿದೆ.”

“ಮ್ಯಾಲೆ ಸಿಮೆಂಟ್ ಗಿಲಾವು ಮಾಡುದ್ರೆ ಕಾಣಾಕಿಲ್ಲ ಸಾ.”

“ಕಾಣದಿದ್ರೂ ಇರುತ್ತಲ್ಲಪ್ಪಾ!”

“ಇದ್ರೇನು ಸಾ? ಗ್ವಾಡೆ ಎದ್ದು ಓಡೋಯ್ತದಾ?”

“ಕೆಡವು.”

ಸಿಮೆಂಟಿಗೆ ಪರ್ಮಿಟ್ ಹಿಡಿದು ತಿಂಗಳುಗಟ್ಟಲೆ ಕಾಯುತ್ತಿದ್ದ ಕಾಲ ಅದು. ಗೋಡೆ ಎದ್ದಿತು, ಬಿತ್ತು. ಮತ್ತೆ ಎದ್ದಿತು, ಕಿಟಕಿಯ ಚೌಕಟ್ಟು ವಾಲಿದೆಯೆಂದು ಮತ್ತೆ ಬಿತ್ತು. ನಮ್ಮ ಜೊತೆಗೇ ಪಾಯ ತೆಗೆದ ಪಕ್ಕದ ಸೈಟಿನವರ ಮನೆಯಲ್ಲಿ ಮಗು ಹುಟ್ಟಿ, ನಾಮಕರಣವಾಗಿ, ಆ ಮಗು ಸ್ಲೇಟು ಹಿಡಿದು ಶಾಲೆಗೂ ಹೊರಟಿತು! ಹಾಲಿನವನು ಹೊಸಬರಿಗೆ ದಾರಿ ಹೇಳುವಾಗ, “ಸೀದಾ ಓಗಿ, ಕೆಡವೋ ಮನೆ ಸಿಕ್ತದೆ, ಅಲ್ಲಿ ಎಡಕ್ಕೆ ತಿರುಗಿ,” ಎನ್ನುತ್ತಿದ್ದ. ಬೇಸತ್ತ ಮೇಸ್ತ್ರಿ ಒಂದು ದಿನ ಕರಣೆ ತೊಳೆದುಕೊಂಡು ಹೊರಟೇ ಹೋದ.

ಇತ್ತ ಅಕ್ಕ ಗೃಹಪ್ರವೇಶಕ್ಕೆ ಮುಹೂರ್ತ ಕೇಳುತ್ತಲೇ ಇದ್ದಳು. ಶ್ರಾವಣ ಅಂದುಕೊಂಡಳು, ಆಗಲಿಲ್ಲ. ಕಾರ್ತೀಕ ಎಂದಳು, ಆಗಲಿಲ್ಲ. ಹೊಸ ಮನೆಗೆಂದು ಕೊಂಡ ಪಾತ್ರೆಗಳು ಮಂಚದ ಕೆಳಗೆ ಕೂತು ಕಪ್ಪಾದವು. ಮೊದಲು ನಗುತ್ತಾ ಹೇಳುತ್ತಿದ್ದವಳು ಆಮೇಲಾಮೇಲೆ ಮನೆಯ ಮಾತನ್ನೇ ಎತ್ತುತ್ತಿರಲಿಲ್ಲ. ಅದನ್ನು ನೋಡಿ ನನಗೆ ಪಿತ್ತ ನೆತ್ತಿಗೇರಿತು. ಸೈಟಿಗೇ ಹೋಗಿ ಭಾವನನ್ನು ಹಿಡಿದುಕೊಂಡೆ.

“ಭಾವ, ನೀವು ಮನೆ ಕಟ್ತಿದ್ದೀರೋ, ಅಕ್ಕನ ಜೀವ ತಿಂತಿದ್ದೀರೋ?”

ಅವರು ಇಟ್ಟಿಗೆ ರಾಶಿಯ ಮೇಲೆ ಕೂತರು. “ನಾನೇನು ಬೇಕು ಬೇಕು ಅಂತ ಮಾಡ್ತೀನೇನೋ? ಒಂದ್ಸಲ ಕಣ್ಣಿಗೆ ಬಿತ್ತು ಅಂದ್ರೆ ಮುಗೀತು. ಊಟಕ್ಕೆ ಕೂತ್ರೂ ಅದೇ, ಕೆಲಸಕ್ಕೆ ನಿಂತ್ರೂ ಅದೇ. ಎದೆಯೊಳಗೆ ಏನೋ ಬೀಳ್ತಾ ಇದೆ, ಈಗಲೇ ಹಿಡ್ಕೋಬೇಕು ಅನ್ಸುತ್ತೆ. ನಿಮಗೆಲ್ಲ ಹಂಗನ್ಸಲ್ವಾ?”

“ಇಲ್ಲ ಭಾವ.”

“ಪುಣ್ಯವಂತರು ಕಣೋ ನೀವು,” ಎಂದರು. ಪಟ ನೆಟ್ಟಗಿದ್ದರೆ ಅವರಿಗೆ ಖುಷಿ ಎಂದು ನಾನು ತಿಳಿದಿದ್ದೆ. ಖುಷಿಯಲ್ಲ, ಆ ಒಂದು ಗಳಿಗೆಯ ನೆಮ್ಮದಿಗಾಗಿ ಈ ಮನುಷ್ಯ ದಿನವಿಡೀ ಒದ್ದಾಡುತ್ತಿದ್ದರು. ಪಾಪ ಎನಿಸಿತು. ಆದರೆ ಅಕ್ಕನ ಅಡುಗೆಮನೆ ಆಗಬೇಕಲ್ಲ?

ಆ ವರ್ಷವೇ ಅಕ್ಕ ಸೊರಗತೊಡಗಿದಳು. ಊಟ ಸೇರದು, ಹೊಟ್ಟೆನೋವು. ಆಸ್ಪತ್ರೆಯಲ್ಲಿ ನೋಡಿ, ಹೊಟ್ಟೆಯಲ್ಲಿ ಗಡ್ಡೆ, ಆಪರೇಷನ್ ಮಾಡುವ ಹಂತ ದಾಟಿದೆ ಎಂದರು. ಡಾಕ್ಟರು ಭಾವನನ್ನೂ ನನ್ನನ್ನೂ ಹೊರಗೆ ಕರೆದು, ಈ ಮಳೆಗಾಲ ಕಳೆದರೆ ಹೆಚ್ಚು ಎಂದರು. ಒಳಗೆ ಬಂದಾಗ ಅಕ್ಕ ನಮ್ಮ ಮುಖ ನೋಡಿದಳು. ಕಾಯಿಲೆ ಏನು ಎಂದು ಕೇಳಲಿಲ್ಲ. “ಮನೆ ಯಾವಾಗ ರೀ?” ಎಂದು ಕೇಳಿದಳು.

“ಆಷಾಢಕ್ಕೆ ಮುಂಚೆ,” ಎಂದರು ಭಾವ.

ಆಷಾಢ ಬಂದರೆ ಗೃಹಪ್ರವೇಶ ಮಾಡುವ ಹಾಗಿಲ್ಲ. ಉಳಿದದ್ದು ಕೆಲವೇ ವಾರ. ಭಾವ ಅಲ್ಲಿಂದಲೇ ಮಾಕಳಿಗೆ ಸೈಕಲ್ ತುಳಿದು ಮೇಸ್ತ್ರಿಯನ್ನು ಕಾಡಿ ಬೇಡಿ ಕರೆತಂದರು. ಆಮೇಲಿನದನ್ನು ಆ ಮೇಸ್ತ್ರಿಯ ಬಾಯಲ್ಲೇ ಕೇಳಬೇಕು. “ನಾನೇ ಯೋಳ್ದೆ ಸಾ, ಅಡ್ಗೆಮನೆ ಗ್ವಾಡೆ ಒಸಿ ವಾಲ್ತಾ ಅದೆ, ಕೆಡವ್ಲಾ ಅಂತ. ‘ಬೇಡ, ಕಟ್ಕೊಂಡ್ ಹೋಗು’ ಅಂದ್ಬುಟ್ರು! ನಂಗೆ ಎದ್ರಿಕೆ ಆಗೋಯ್ತು. ತಿರುಗಿ ನೋಡುದ್ರೆ ಆವಯ್ಯ ಆ ಕಡೆ ಮಖ ಮಾಡ್ಕೊಂಡು ನಿಂತವ್ರೆ.” ನೆಲಕ್ಕೆ ಕೆಂಪು ಗಾರೆ ಹಾಕುವ ದಿನ ಭಾವ ಒಳಗೇ ಬರಲಿಲ್ಲವಂತೆ. ರಸಮಟ್ಟವನ್ನು ಒಂದು ಪೆಟ್ಟಿಗೆಗೆ ಹಾಕಿ ಮೊಳೆ ಹೊಡೆದರು. ಅವರು ಹೊಡೆದ ಮೊಳೆ ಎಂದ ಮೇಲೆ ಅದನ್ನು ಇನ್ನು ಅವರೂ ತೆಗೆಯಲಾರರು!

ಹೇಳಿದ ಹಾಗೆ ಆಷಾಢಕ್ಕೆ ಮುಂಚೆ ಮನೆಯಾಯಿತು. ಅಕ್ಕ ಅಲ್ಲಿ ಬಾಳಿದ್ದು ಆ ಒಂದು ಮಳೆಗಾಲ. ಆ ಸಂಕಟವನ್ನು ಬರೆಯಲು ನನ್ನಿಂದಾಗದು. ಗೃಹಪ್ರವೇಶದ ಬೆಳಗನ್ನು ಮಾತ್ರ ಹೇಳುತ್ತೇನೆ.

ಅಕ್ಕನನ್ನು ಅಡುಗೆಮನೆಯಲ್ಲೇ ಒಂದು ಕುರ್ಚಿ ಹಾಕಿ ಕೂರಿಸಿದ್ದೆವು. ರೇಷ್ಮೆ ಸೀರೆ ಅವಳ ಮೈಮೇಲೆ ನಿಲ್ಲುತ್ತಿರಲಿಲ್ಲ. ಎದುರಿನ ಕಿಟಕಿಯಿಂದ ಎಳೆಬಿಸಿಲು ಬಿದ್ದಿತ್ತು. ಹೊಸ ನೆಲದ ಮೇಲೆ ಮೂರು ಇಟ್ಟಿಗೆ ಜೋಡಿಸಿ, ಬೆಂಕಿ ಹಾಕಿ, ಹಾಲಿನ ಪಾತ್ರೆ ಇಟ್ಟರು. ಆಗ ನಮ್ಮ ಸೋದರತ್ತೆ, ಒಳ್ಳೆಯ ಮನಸ್ಸಿನಿಂದಲೇ, “ಹಾಲು ಪೂರ್ವಕ್ಕೆ ಉಕ್ಕಬೇಕು ಕಣ್ರಪ್ಪಾ. ಪೂರ್ವಕ್ಕೆ ಉಕ್ಕಿದ್ರೆ ಮನೆಯಾಕೆಗೆ ಆಯಸ್ಸು,” ಎಂದುಬಿಟ್ಟರು! ಅಂದ ಮೇಲೆ ನಾಲಿಗೆ ಕಚ್ಚಿಕೊಂಡರು.

ಹಾಲು ಏರತೊಡಗಿತು. ಭಾವ ಜನ್ಮದಲ್ಲಿ ಒಂದು ತೊಟ್ಟು ಹಾಲು ಉಕ್ಕಲು ಬಿಟ್ಟವರಲ್ಲ. ಅವರಿಗೇ ತಿಳಿಯದಂತೆ ಕೈ ಪಾತ್ರೆಯತ್ತ ಹೋಯಿತು.

“ಬಿಡ್ರೀ, ಉಕ್ಕಲಿ,” ಎಂದಳು ಅಕ್ಕ.

ಕೈ ಹಿಂದೆ ಬಂತು. ಹಾಲು ಉಕ್ಕಿತು. ಅವಸರದಲ್ಲಿ ಹಾಕಿದ ನೆಲ, ಒಂದು ಕಡೆಗೆ ಇಳಿಜಾರು. ಪಾತ್ರೆ ಆ ಕಡೆಗೇ ವಾಲಿ, ಹಾಲು ಕಿಟಕಿಗೆ ಬೆನ್ನು ಮಾಡಿ ಪಶ್ಚಿಮಕ್ಕೆ, ಅಕ್ಕನ ಕುರ್ಚಿಯ ಕಡೆಗೆ ಹರಿಯಿತು.

“ಯಾವ ಕಡೆಗೆ ಬಂತ್ರೋ?” ಎಂದರು ಹೊರಗಿದ್ದ ಯಾರೋ ಹಿರಿಯರು.

ಪುರೋಹಿತರು ಬಾಯಿ ತೆರೆದರು. ಭಾವ ಅವರಿಗಿಂತ ಮುಂಚೆ, ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ, “ಪೂರ್ವಕ್ಕೆ,” ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ ಮೆಲ್ಲಗೆ, “ಪೂರ್ವಕ್ಕೇ ಬಂತು ಕಣೇ,” ಎಂದರು.

ಬೆಚ್ಚಗಿನ ಹಾಲು ಅಷ್ಟರಲ್ಲಿ ಅಕ್ಕನ ಕಾಲ್ಬೆರಳು ಮುಟ್ಟಿತ್ತು. ಅವಳು ಕೆಳಗೆ ನೋಡಿದಳು, ಕಿಟಕಿ ನೋಡಿದಳು, ಭಾವನ ಮುಖ ನೋಡಿದಳು.

“ಹೌದು ಕಣ್ರೀ, ಪೂರ್ವಕ್ಕೇ,” ಎಂದು ಒದ್ದೆಯಾದ ಕಾಲನ್ನು ಸೀರೆಯೊಳಕ್ಕೆ ಎಳೆದುಕೊಂಡಳು.