ಭಾಮೈದನಿಗೆ ಕೊಟ್ಟ ಶಿರಸ್ತ್ರಾಣ

ನನ್ನ ತಲೆ ಉಳಿದದ್ದಕ್ಕೆ ಮನೆಯವರೆಲ್ಲರಿಗೂ ಸಂತೋಷವೇ. ತಕರಾರು ಶುರುವಾದದ್ದು ಹೆಲ್ಮೆಟ್ಟೂ ಉಳಿದದ್ದರಿಂದ.

ನಮ್ಮೂರು ಬಂಡಳ್ಳಿಯ ರಸ್ತೆಯಲ್ಲಿ ಯಾರೋ ಪುಣ್ಯಾತ್ಮರು ಗಾಡಿಗಳು ತುಳಿದು ಒಕ್ಕಣೆಯಾಗಲಿ ಅಂತ ಹುರುಳಿ ಸೊಪ್ಪು ಹರಡಿದ್ದರು. ಬಸ್ಸು, ಲಾರಿಗಳೆಲ್ಲ ತುಳಿದುಕೊಟ್ಟು ಸುಮ್ಮನೆ ಹೋದವು. ನಾನು ಮಾತ್ರ ಬೈಕಿನ ಸಮೇತ ಜಾರಿ, ಮೈಲಿಗಲ್ಲಿಗೆ ತಲೆ ಕುಟ್ಟಿ, ಹುರುಳಿಯ ಮೇಲೆ ಸಾಷ್ಟಾಂಗ ನಮಸ್ಕಾರ ಹಾಕಿದೆ. ಮೊಣಕೈ ತರಚಿದ್ದು ಬಿಟ್ಟರೆ ನನಗೇನೂ ಆಗಲಿಲ್ಲ. ಹೆಲ್ಮೆಟ್ಟು ಹಿಂಬದಿಯಲ್ಲಿ ಬಿರುಕು ಬಿಟ್ಟಿತ್ತು.

"ಒಂದ್ಸಲ ಏಟು ತಿಂದುದ್ನ ಮತ್ತೆ ಆಕಬಾರ್ದಂತೆ. ಎಲ್ಲಾರ ಎಸ್ದು ಬನ್ನಿ," ಎಂದಳು ಹೆಂಡತಿ ಶಿವರತ್ನ.

"ಒಳ್ಗಿನ್ ಸ್ಪಂಜು ಒಸದಂಗೇ ಅದೆ ಕಣೇ."

"ನಿಮ್ ತಲೆ ಒಳ್ಗಿಂದು ಎಂಗದೆ ಅಂತ ಮೊದ್ಲು ನೋಡ್ಕಳಿ."

ಸಾಮಾನು ಎಸೆಯುವುದೆಂದರೆ ನನಗೆ ಕರುಳು ಕಿತ್ತು ಬರುತ್ತದೆ. ಬಿರುಕಿನ ಮೇಲೆ ಮಾದಪ್ಪನ ಸ್ಟಿಕ್ಕರ್ ಅಂಟಿಸಿ, ಕೊಬ್ಬರಿ ಎಣ್ಣೆ ಹಚ್ಚಿ ಮಿರಮಿರ ಮಿಂಚಿಸಿ, ಧನಗೆರೆಯಿಂದ ಬಂದಿದ್ದ ಭಾಮೈದ ಬಸವಕುಮಾರನಿಗೆ ಗುಟ್ಟಾಗಿ ಉಡುಗೊರೆ ಕೊಟ್ಟುಬಿಟ್ಟೆ. (ನನ್ನ ಔದಾರ್ಯಕ್ಕೆ ನಾನೇ ತಲೆದೂಗಿದೆ.)

ಹೆಂಡತಿಗೆ ಮಾತ್ರ ಅಟ್ಟಕ್ಕೆ ಎಸೆದಿದ್ದೇನೆ ಅಂದಿದ್ದೆ. ಆ ವಾರವೇ ಶಿವರತ್ನ ಅಟ್ಟ ಗುಡಿಸಲು ಹೋಗಬೇಕೇ? "ಎಲ್ರೀ ಆ ಹೆಲ್ಮೆಟ್ಟು?" ಎಂದಳು. ಹೇಳಿದೆ. ಪೊರಕೆ ಹಿಡಿದುಕೊಂಡೇ ಅಟ್ಟದಿಂದ ಇಳಿದು ಬಂದಳು.

"ನಿಮ್ ತಲೆಗೆ ಆಗ್ದಿದ್ದು ನನ್ ತಮ್ಮನ್ ತಲೆಗೆ ಆಯ್ತದಾ? ದಿನಾ ಕೊಳ್ಳೇಗಾಲದ ರೋಡಲ್ಲಿ ಓಡಾಡೋನು ಕಣ್ರಿ ಅವ್ನು."

ಫೋನು ಮಾಡಿದೆವು. ಎತ್ತಲಿಲ್ಲ. ಮತ್ತೆ ಮಾಡಿದೆವು. ಬೈಕ್ ಓಡಿಸುತ್ತಿದ್ದಾನೆ ಅಂತ ಖಾತ್ರಿಯಾಯಿತು. ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವಳು ತುಟಿ ಬಿಚ್ಚಲಿಲ್ಲ. ಮದುವೆಯಾದಂದಿನಿಂದ ನಾನು ಹಂಬಲಿಸಿದ್ದ ಮೌನ ಅದು. ಆವತ್ತು ಮಾತ್ರ ಬೈದರೆ ಸಾಕಪ್ಪ ಅನ್ನಿಸಿತು.

ಧನಗೆರೆಯಲ್ಲಿ ಇಳಿದವರೇ ಭಾಮೈದ ಕಟ್ಟಿಸುತ್ತಿದ್ದ ಹೊಸ ಮನೆಯ ಕಡೆ ಓಡಿದೆವು. ಅವನು ಮೊಣಕೈವರೆಗೆ ಸಿಮೆಂಟು ಮೆತ್ತಿಕೊಂಡು ನಿಂತಿದ್ದ. ಫೋನು ಮರಳಿನ ಗುಡ್ಡೆಯ ಮೇಲಿತ್ತು. ತಲೆ ಬರಿದಾಗಿತ್ತು, ಅಖಂಡವಾಗಿತ್ತು. ಶಿವರತ್ನ ಆ ತಲೆಯನ್ನು ಸವರಿ ಸವರಿ ಅತ್ತಳು.

"ಹೆಲ್ಮೆಟ್ ಎಲ್ಲಪ್ಪ?" ಎಂದೆ.

"ಮಾದಪ್ಪಂಗೆ ಕೈಮುಗ್ದು ಸ್ಟಿಕ್ಕರ್ ಕಿತ್ತು ನೋಡ್ದೆ ಭಾವ. ಬಿರುಕ್ ಬುಟ್ಟಿರದ್ನ ಯಾರಾದ್ರೂ ಆಕ್ಕಂಡಾರಾ? ಅಲ್ಲಿ ಮ್ಯಾಲ್ ನೋಡಿ."

ಅರ್ಧ ಎದ್ದ ಗೋಡೆಯ ಮೇಲೆ ದೃಷ್ಟಿಬೊಂಬೆ ನಿಂತಿತ್ತು. ಹುಲ್ಲು ತುರುಕಿದ ಹೊಟ್ಟೆ, ನನ್ನ ಹಳೆಯ ನೀಲಿ ಶರ್ಟು (ಹೆಂಡತಿ ನನಗೆ ಹೇಳದೆ ತವರಿಗೆ ಸಾಗಿಸಿದ್ದು), ಮಡಕೆಯ ಮುಖಕ್ಕೆ ಸುಣ್ಣದ ಕಣ್ಣು, ಮಸಿಯ ಮೀಸೆ. ಅದರ ಮೇಲೆ ನನ್ನ ಶಿರಸ್ತ್ರಾಣ.

"ನಿಮ್ಮನ್ ನೋಡ್ದಂಗೇ ಆಯ್ತದೆ ಅಳಿಯಂದ್ರೇ," ಅಂದರು ಅಲ್ಲೇ ಇದ್ದ ನನ್ನ ಅತ್ತೆ, ಬಹಳ ಸಮಾಧಾನದಿಂದ. "ಇದ್ನ ನಿಲ್ಸಿದ್ ಮ್ಯಾಲೆ ಒಂದ್ ಕೆಟ್ಟ ಕಣ್ಣೂ ಈ ಕಡೆ ಸುಳ್ದಿಲ್ಲ."

ಶಿವರತ್ನ ಬೊಂಬೆಯನ್ನು ನೋಡಿದಳು, ನನ್ನನ್ನು ನೋಡಿದಳು, ಸೆರಗು ಬಾಯಿಗೊತ್ತಿ ನಕ್ಕಳು. ನಾನು ಬಿದ್ದಂದಿನಿಂದ ಅವಳು ನಕ್ಕಿರಲೇ ಇಲ್ಲ.

ಹೊರಡುವಾಗ ಬಸವಕುಮಾರ ಹೊಸ ಹೆಲ್ಮೆಟ್ಟೊಂದನ್ನು ತಂದು ಕೈಗಿಟ್ಟ. "ಇದ್ಕೂ ಏಟು ಬಿದ್ರೆ ಎಸೀಬ್ಯಾಡಿ ಭಾವ. ಮಹಡಿ ಕಟ್ಟುವಾಗ ಇನ್ನೊಂದ್ ಬೊಂಬೆ ಬೇಕಾಯ್ತದೆ."

"ಮಹಡಿ ಗಿಹಡಿ ಏನೂ ಬ್ಯಾಡ ಕಣ್ಲಾ, ಇಷ್ಟೇ ಸಾಕು," ಅನ್ನುತ್ತ ಶಿವರತ್ನ ಆ ಹೆಲ್ಮೆಟ್ಟನ್ನು ಅಲ್ಲೇ ನನ್ನ ತಲೆಗೆ ಹಾಕಿ, ಗಲ್ಲದ ಕೆಳಗೆ ಪಟ್ಟಿ ಬಿಗಿದಳು.

ಬಂಡಳ್ಳಿಯವರೆಗೂ ನಾನು ಬಸ್ಸಿನಲ್ಲಿ ಹಾಗೇ ಕೂತು ಬಂದೆ.